ಮಿರಗ ಮಳಿ ಬಂತು, ಕೋರಿ ಮೀನು ತತ್ತಿ ಇಟ್ಟಾವ! 127ರಾಗ ಎಷ್ಟ್ ಮರಿ ಉಳದ್ವು?

ನಮಸ್ಕಾರ್ರಿ ಎಲ್ಲಾರಿಗೂ. ಮುಂಜಾನಿ ಐದೂವರಿ ಆಗ್ಯದ, ಇನ್ನಾ ಚಾ ಸೈತ ಕುಡಿದಿಲ್ಲ, ಕ್ಯಾಮೆರಾ ಹಿಡ್ಕೊಂಡು ಟ್ಯಾಂಕಿನ ಮುಂದ ಕುಂತೀನಿ. ನೋಡ್ರಿ, ಎಡಗಡಿ ಗಾಜಿನ ಮ್ಯಾಲ, ಫಿಲ್ಟರ್ ಪೈಪಿನ ಹಿಂದ, ತಡೀರಿ ಫೋಕಸ್ ಆಗವಲ್ದು... ಹಾಂ. ತತ್ತಿ! ಸಾಸಿವಿ ಕಾಳಿನಷ್ಟ ಅವ, ಬಣ್ಣ ಥೋಡೆ ಜೇನುತುಪ್ಪದಂಗ. ಈ ಟ್ಯಾಂಕ್ ಇಟ್ಟು ಮೂರು ವರ್ಷಾಯ್ತು, ಇಷ್ಟ್ ತತ್ತಿ ಒಮ್ಮೆನೂ ನೋಡಿದ್ದಿಲ್ಲ, ನನಗ ಕೈ ನಡಗಲಿಕತ್ತಾವ, ಅದಕ್ಕ ವಿಡಿಯೋ ಅಲ್ಲಾಡ್ಲಿಕತ್ತದ, ಕ್ಷಮಿಸ್ರಿ.

ಇವು ಬ್ರಾಂಜ್ ಕೋರಿ. ಕೋರಿಡೋರಾಸ್ ಅಂತಾರಲ್ರಿ, ದಕ್ಷಿಣ ಅಮೆರಿಕಾದ ಸಣ್ಣ ಕ್ಯಾಟ್‌ಫಿಶ್. ಹೋದ ವಿಡಿಯೋದಾಗ ಬಾಳ ಮಂದಿ ಕೇಳಿದ್ರಿ, ಅಣ್ಣ ಕ್ಯಾಟ್‌ಫಿಶ್ ಸಾಕೋದು ಸರ್ಕಾರ ಬಂದ್ ಮಾಡ್ಯದಲ್ಲ ಅಂತ. ಅದು ಬ್ಯಾರೇ ಮೀನ್ರಿ! ಬಂದ್ ಮಾಡಿದ್ದು ಆಫ್ರಿಕಾದ ಕ್ಯಾಟ್‌ಫಿಶ್, ಥಾಯ್ ಮಾಗುರ್ ಅಂತ ಮಾರ್ತಾರ, ಮಾರುದ್ದ ಬೆಳಿತದ, ಹಳ್ಳಾ ಕೆರಿಗಿ ಬಿತ್ತಂದ್ರ ನಮ್ಮ ಮೀನೆಲ್ಲ ತಿಂದು ಮುಗಸ್ತದ. ಇದು ಬೆಳದ್ರ ಎರಡೂವರಿ ಇಂಚು. ಬುಡದಾಗ ಮೂತಿ ಇಟ್ಟು ಉಸುಕು ಕೆದರಿ ತಿಂತದ, ಯಾರ ತಂಟಿಗೂ ಹೋಗಲ್ಲ.

ಈಗ ತತ್ತಿ ಯಾಕ ಇಟ್ವು ಅದನ್ನ ಹೇಳ್ತೀನಿ. ನಿನ್ನಿ ಸಂಜಿಮುಂದ ಮಳಿ ಹೊಡೀತಲ್ರಿ ಕಲಬುರಗಿಯೊಳಗ, ಮಿರಗ ಕೂಡಿದ ಮ್ಯಾಲ ಮೂರನೇ ಮಳಿ ಅದು. ಮಾಳಗಿ ಮ್ಯಾಲ ಎರಡು ಬಕೀಟ್ ಇಟ್ಟಿದ್ದೆ. ಮೊದಲ್ನೇ ಮಳಿ ನೀರು ಹಿಡಿಬಾರ್ದು, ಧೂಳಾ ಹೊಲಸಾ ಎಲ್ಲಾ ಇರ್ತದ, ಅದಕ್ಕ ಮೂರನೇದಕ್ಕ ಕಾದೆ. ಆ ತಣ್ಣನೀರು ರಾತ್ರಿ ನಿಧಾನಕ ಟ್ಯಾಂಕಿಗಿ ಹಾಕ್ದೆ, ಟೆಂಪರೇಚರ್ 28 ಇದ್ದದ್ದು 25ಕ್ಕ ಇಳೀತು. ಕೋರಿಗಿ ಅಷ್ಟ ಸಾಕು, ನಮ್ಮೂರಿಗಿ ಮಳಿಗಾಲ ಬಂತು ಅಂತ ತಿಳ್ಕೋತಾವ. ಅವುಗಳ ಊರಾಗೂ ಮಳಿ ಬಂದು ಹೊಳಿಗಿ ತಣ್ಣನ ಮೆತ್ತನ ನೀರು, ಅಂದ್ರ ಸುಣ್ಣ ಕಮ್ಮಿ ಇದ್ದ ನೀರು, ಕೂಡಿದಾಗ ತತ್ತಿ ಇಡ್ತಾವ. ಹೊಟ್ಟಿ ತುಂಬಿದ ಹೆಣ್ಣಿತ್ತಂದ್ರ ಮುಂಜಾನಿಗಿ ಕೆಲಸ ಮುಗದಿರ್ತದ.

ಮೆತ್ತನ ನೀರು ಅಂದ್ನಲ್ಲ. ನಮ್ಮ ಬೋರ್ ನೀರು, ಕರಗಿದ ಉಪ್ಪು ಸುಣ್ಣ ಎಲ್ಲಾ ಅಳಿಯೋ ಟಿಡಿಎಸ್ ಮೀಟರಿನ್ಯಾಗ 900 ದಾಟ್ತದ. ಸೇಡಂ, ಶಹಾಬಾದ್, ಚಿತ್ತಾಪುರ ಕಡಿ ಭೂಮಿ ಪೂರಾ ಸುಣ್ಣದ ಕಲ್ಲು, ಅದಕ್ಕ ಅಲ್ಲಿ ಅಷ್ಟ್ ಸಿಮೆಂಟ್ ಫ್ಯಾಕ್ಟರಿ. ಒಬ್ಬರು ಫೋಟೋ ಕಳಿಸಿದ್ರು, ಚಂದ ಕಾಣ್ತದ ಅಂತ ಟ್ಯಾಂಕಿನ್ಯಾಗ ಶಹಾಬಾದ್ ಫರ್ಶಿ ತುಂಡು ಇಟ್ಟಾರ. ಚಂದೇನೋ ಅದ, ಆದ್ರ ಅದು ಸುಣ್ಣ ಬಿಟ್ಕೋತಾ ಹೋಗ್ತದ, ನೀರು ಇನ್ನಾ ಗಡಸು ಆಗ್ತದ. ಕೋರಿ ಇಟ್ಟವ್ರು ತಗದ್ಬಿಡ್ರಿ. ಅಂಗಳಕ್ಕ ಹಾಸ್ಕೋರಿ, ಅದರಷ್ಟ್ ತಂಪು ಫರ್ಶಿ ಎಲ್ಲೂ ಸಿಗಲ್ಲ. ನಮ್ಮ ಆಯಿ ಇವತ್ತಿಗೂ ಬ್ಯಾಸಿಗ್ಯಾಗ ಹಾಸಿಗಿ ಬಿಟ್ಟು ಫರ್ಶಿ ಮ್ಯಾಲೇ ಮಲ್ಕೋತಾಳ...

ಹಾಂ ಹಾಂ, ಇಲ್ಲಿ ನೋಡ್ರಿ! ಇದಕ್ಕ ಟಿ ಪೊಸಿಷನ್ ಅಂತಾರ. ಗಂಡು ಅಡ್ಡ ನಿಂತದ, ಹೆಣ್ಣು ಅದರ ಹೊಟ್ಟಿಗಿ ಬಾಯಿ ಹಚ್ಚೇದ. ಗಂಡಿನ ವೀರ್ಯ ಹೆಣ್ಣು ಕುಡಿತದ, ಅದು ಕರಳಿನ್ಯಾಗಿಂದ ಹಾದು ಹಿಂದ ಹೊರಗ ಬರ್ತದ, ಕೆಳಗ ಎರಡು ರೆಕ್ಕಿ ಕೂಡ್ಸಿ ಬೊಗಸಿ ಮಾಡ್ಕೊಂಡದ ನೋಡ್ರಿ, ಅದರಾಗಿನ ತತ್ತಿಗಿ ಕೂಡ್ತದ. ಇದನ್ನ ಜಪಾನಿನ ವಿಜ್ಞಾನಿಗಳು 1995ರಾಗ ಬರದಾರ, ಇದೇ ಬ್ರಾಂಜ್ ಕೋರಿ ಮ್ಯಾಲ. ಈಗ ಬೊಗಸ್ಯಾಗ ತತ್ತಿ ಹಿಡ್ಕೊಂಡು ಗಾಜು ಹುಡುಕ್ಲಿಕತ್ತದ, ಬಾಯಿಲೆ ಒರಸ್ತದ, ಹಚ್ತದ. ನಾ ಇದನ್ನ ಎಷ್ಟ್ ಸರ್ತಿ ನೋಡಿದ್ರೂ ಸಾಕಾಗಲ್ಲ.

ಇಷ್ಟೆಲ್ಲಾ ಕಷ್ಟಪಟ್ಟು ಇಡ್ತಾವ, ಆಮ್ಯಾಲ ಅವೇ ತಿಂದ್ಬಿಡ್ತಾವ. ಕಾವಲು ಕಾಯೋ ಜಾತಿ ಅಲ್ಲ ಇದು. ಅದಕ್ಕ ತತ್ತಿ ತಗೀಲಿಕ್ಕೇಬೇಕು.

ಮೂರ್ನಾಕು ತಾಸು ಕಾದು, ಈಗ ಹಳೇ ಎಟಿಎಂ ಕಾರ್ಡಿಲೆ ಎಬ್ಬಸ್ಲಿಕತ್ತೀನಿ. ಇಟ್ಟ ಕೂಡ್ಲೇ ಕೈ ಹಚ್ಚಬ್ಯಾಡ್ರಿ, ಭಾಳ ಮೆತ್ತಗ ಇರ್ತಾವ, ಒಡೀತಾವ. ಮೂರ್ನಾಕು ತಾಸು ಬಿಟ್ರ ಮ್ಯಾಲಿನ ಸಿಪ್ಪಿ ಗಟ್ಟಿ ಆಗ್ತದ, ಆಗ ಬೆರಳಿಲೆ ಉರುಳಿಸಿದ್ರೂ ಬರ್ತಾವ. ಎಣಿಸಿದೆ, 127.

ಡಬ್ಬಿ ಇದು, ಮನ್ಯಾಗಿನ ಹಪ್ಪಳದ ಡಬ್ಬಿ, ಅವ್ವನ್ನ ಕೇಳೇ ತಗೊಂಡೀನಿ. ನೀರು ಅದೇ ಟ್ಯಾಂಕಿಂದು, ಡಬ್ಬಿನೂ ಟ್ಯಾಂಕಿನ್ಯಾಗೇ ತೇಲಿಬಿಟ್ಟೀನಿ, ಟೆಂಪರೇಚರ್ ಸಮ ಇರ್ತದ. ಗಾಳಿ ಗುಳ್ಳಿ ಬಿಡೋ ಏರ್ ಸ್ಟೋನ್ ಮೂಲ್ಯಾಗ, ಗುಳ್ಳಿ ಸೀದಾ ತತ್ತಿ ಮ್ಯಾಲ ಬಡೀಬಾರ್ದು, ಆದ್ರ ತತ್ತಿ ಸುತ್ತ ನೀರು ಹರದಾಡ್ಬೇಕು. ನಿಂತ ನೀರಾಗ ತತ್ತಿ ಉಳಿಯಲ್ಲ, ಇದೊಂದು ನೆಪ್ಪಿಟ್ಕೋರಿ. ಮೀಥಿಲೀನ್ ಬ್ಲೂ ಅಂತ ಬೂಸರು ತಡಿಯೋ ನೀಲಿ ಔಷಧ ಅದ, ಅದನ್ನ ಹಾಕಬೇಕೋ ಬ್ಯಾಡೋ ಅಂತ ಜಗಳ ಅದ, ನಾ ಅಂತೂ ಬ್ಯಾಡ ಅಂತೀನಿ, ಬಾದಾಮಿ ಗಿಡದ ಒಣ ಎಲಿ ಒಂದು ಹಾಕಿದ್ರ ನೀರು ಚಾ ಬಣ್ಣ ಬರ್ತದ, ಅದೇ ಬೂಸರು ತಡೀತದ.

...ಇದು ಎರಡನೇ ದಿನ. ಮೀಥಿಲೀನ್ ಬ್ಲೂ ಹಾಕೀನಿ. ಹೌದ್ರಿ, ನಿನ್ನಿ ಬ್ಯಾಡ ಅಂದಿದ್ದೆ. ರಾತ್ರಿ ಎದ್ದು ನೋಡಿದ್ರ ಹದಿನೆಂಟು ತತ್ತಿ ಬೆಳ್ಳಗಾಗಿದ್ವು, ನನಗ ಧೈರ್ಯ ಸಾಲಲಿಲ್ಲ. ಎರಡೇ ಹನಿ, ನೀರು ತಿಳಿ ನೀಲಿ ಕಾಣುವಷ್ಟು. ದೊಡ್ಡ ಟ್ಯಾಂಕಿಗಿ ಮಾತ್ರ ಬೀಳಬಾರ್ದು, ಫಿಲ್ಟರಿನ್ಯಾಗಿನ ಒಳ್ಳೇ ಬ್ಯಾಕ್ಟೀರಿಯಾ ಸಾಯ್ತಾವ. ಅದಕ್ಕ ಡಬ್ಬಿ ಹೊರಗ ತಗದು ಬಕೀಟಿನ ನೀರಾಗ ಇಟ್ಟೀನಿ.

ಬೆಳ್ಳಗಾದ ತತ್ತಿ ಸತ್ತದ್ದು, ಅದರ ಮ್ಯಾಲ ಬೂಸರು ಹುಟ್ತದ, ಹತ್ತಿ ಅರಳಿದಂಗ ಅರಳ್ತದ, ಮಗ್ಗಲಿನ ಜೀವಂತ ತತ್ತಿನೂ ಮುಚ್ತದ. ಹೋದ ವರ್ಷ ನಲವತ್ತು ತತ್ತಿ ಇಟ್ಟಿದ್ವು, ನಾ ಎಲ್ಲಾ ಒಂದೇ ಗುಂಪು ಮಾಡಿ ಬಿಟ್ಟಿದ್ದೆ, ಮೂರು ದಿನದಾಗ ಪೂರಾ ಬಿಳೀ ಉಂಡಿ. ಒಂದೂ ಉಳೀಲಿಲ್ಲ, ಎರಡು ದಿನ ಊಟ ಸೇರಿದ್ದಿಲ್ಲ. ಈ ಸರ್ತಿ ಒಂದೊಂದು ದೂರ ದೂರ ಇಟ್ಟೀನಿ, ಮುಂಜಾನಿ ಮಧ್ಯಾಹ್ನ ರಾತ್ರಿ ಚಿಮಟಾ ಹಿಡ್ಕೊಂಡು ಬೆಳ್ಳನವು ತಗೀಲಿಕತ್ತೀನಿ. ಒಟ್ಟು 34 ಹೋದ್ವು. ಉಳದವು ನೋಡ್ರಿ, ಬಣ್ಣ ಕಂದು ಆಗ್ಯದ, ಒಳಗ ಕರೀ ಚುಕ್ಕಿ ಕಾಣ್ತಾವ ಹೌದಿಲ್ಲೋ? ಕಣ್ಣವು!

ಮೂರನೇ ದಿನ ಅರ್ಧ ನೀರು ಬದಲಾಯಿಸಿ ನೀಲಿ ಕಮ್ಮಿ ಮಾಡೀನಿ, ಮರಿ ಹುಟ್ಟೋ ಹೊತ್ತಿಗಿ ಔಷಧ ಇರಬಾರ್ದು.

ನಾಕನೇ ದಿನ. ಹುಟ್ಟ್ಯಾವ! 86! ಬಾಲ ಬಡೀಲಿಕತ್ತಾವ ನೋಡ್ರಿ, ಹೊಟ್ಟಿಗಿ ಹಳದಿ ಚೀಲ ಅದ, ಎರಡು ದಿನ ಅದೇ ಅವಕ್ಕ ಊಟ. ಎರಡು ದಿನದೊಳಗ ನಾವು ಜೀವಂತ ಊಟ ತಯಾರ ಇಟ್ಕೋಬೇಕು.

ಇಲ್ಲಿ ನಾ ಥೋಡೆ ನಿಂತು ಮಾತಾಡ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಪಾಕೀಟ್ ನೋಡ್ರಿ. ಆರ್ಟೀಮಿಯಾ ತತ್ತಿ, ಬ್ರೈನ್ ಶ್ರಿಂಪ್ ಅಂತಾರ, ಉಪ್ಪುನೀರಿನ ಸಣ್ಣ ಸಿಗಡಿ, ಹುಟ್ಟಿಸಿ ಮರಿಗಿ ತಿನಸೋದು. 10 ಗ್ರಾಮಿಗಿ 320 ರೂಪಾಯಿ. 10 ಗ್ರಾಮ್ ಅಂದ್ರ ಒಂದು ಮುಷ್ಟಿನೂ ಆಗಲ್ಲ! ಈ ರೊಕ್ಕದಾಗ ಮನಿಗಿ ಎರಡು ಕಿಲೋ ತೊಗರಿಬ್ಯಾಳಿ ಬರ್ತದ. ರೊಕ್ಕಕ್ಕ ನಾ ಅಂಜಲ್ಲ, ಹುಟ್ಟಿದ್ರ ಸಾಕಿತ್ತು. ಲೀಟರ್ ನೀರಿಗಿ 25 ಗ್ರಾಮ್ ಉಪ್ಪು ತೂಕ ಮಾಡಿ ಹಾಕೀನಿ, ಬಾಟ್ಲಿ ತಲಿಕೆಳಗ ಮಾಡಿ ಬುಡದಿಂದ ಗಾಳಿ ಬಿಟ್ಟೀನಿ, ಮ್ಯಾಲ ಬಲ್ಬ್ ಹಚ್ಚೀನಿ, ನೀರು 28 ಡಿಗ್ರಿ. ಇಪ್ಪತ್ನಾಕು ತಾಸಿನ್ಯಾಗ ಕೇಸರಿ ಬಣ್ಣದ ಮೋಡದಂಗ ಏಳಬೇಕು. ಇಪ್ಪತ್ನಾಕು ಆಯ್ತು, ಏನೂ ಇಲ್ಲ. ಮೂವತ್ತಾಯ್ತು. ರಾತ್ರಿ ಎರಡಕ್ಕ ಟಾರ್ಚ್ ಹಿಡ್ದು ಕುಂತೀನಿ, ಮೂವತ್ತಾರಕ್ಕ ಬರೇ ಕಂದು ಪುಡಿ ತಿರಗಲಿಕತ್ತದ, ಒಂದ ಒಂದು ಜೀವಿಲ್ಲ.

ದುಕಾನಕ್ಕ ಹೋಗಿ ಕೇಳ್ದೆ. ಹೆಸರು ಹೇಳಲ್ಲ. ನಿಮ್ಮ ಉಪ್ಪು ಬರೋಬ್ಬರಿ ಇಲ್ಲ ಅಂದ್ರು. ಪಾಕೀಟಿನ ಮ್ಯಾಲ ತಾರೀಖಿಲ್ಲ, ಕಂಪನಿ ಹೆಸರಿಲ್ಲ, ದೊಡ್ಡ ಡಬ್ಬಿಯಿಂದ ತಗದು ಜಿಪ್ ಕವರಿಗಿ ತುಂಬ್ಯಾರ, ಬಾಗಿಲ ಎದುರು ಬಿಸಲಿಗಿ ತೂಗಹಾಕ್ಯಾರ. ನಮ್ಮೂರ ಬ್ಯಾಸಿಗಿ 43, 44 ಡಿಗ್ರಿ! ಆರ್ಟೀಮಿಯಾ ಒಣಗಿದ್ದು ತಣ್ಣಗಿದ್ರ ವರ್ಷಗಟ್ಲೆ ಮಲಗಿರ್ತದ, ಬಿಸಿ ಮತ್ತು ತೇವ ಎರಡೂ ಬಡದ್ರ ಒಳಗೇ ಸಾಯ್ತದ. ಮಾರೋರಿಗಿ ಗೊತ್ತಿರಬೇಕಲ್ರಿ ಇದು? 86 ಮರಿ ಬಾಯಿ ಬಿಟ್ಕೊಂಡು ಕಾಯ್ಲಿಕತ್ತಾವ ಮನ್ಯಾಗ. ನನಗ ಸಿಟ್ಟಿಗಿಂತ ಅಳು ಬಂತು. ತಪ್ಪು ನಂದೂ ಅದ, ತಂದ ದಿನಾನೇ ಒಂದು ಚಿಟಿಕಿ ನೀರಿಗಿ ಹಾಕಿ ಹುಟ್ತಾವೋ ಇಲ್ಲೋ ನೋಡಬೇಕಿತ್ತು. ನೀವು ಮೀನು ತತ್ತಿ ಇಡೋಕಿಂತ ಮೊದಲೇ ನೋಡ್ಕೋರಿ, ಪಾಕೀಟು ಫ್ರಿಜ್ಜಿನ್ಯಾಗ ಇಡ್ರಿ.

ಆರನೇ ದಿನ ಮುಂಜಾನಿ ಬ್ಯಾರೆ ದಾರಿ ಕಾಣ್ಲಿಲ್ಲ, ಕೋಳಿ ತತ್ತಿ ಕುದಿಸಿ ಹಳದಿ ಬಟ್ಟ್ಯಾಗ ಹಿಂಡಿ ಹಾಕ್ದೆ. ಮರಿ ತಿಂದ್ವು, ಅಡ್ಡಿಲ್ಲ ಅನಿಸ್ತು. ಮಧ್ಯಾಹ್ನ ನೀರು ನಾರಲಿಕತ್ತಿತ್ತು. ಬುಡದಾಗ ಕೂಡೋ ಮರಿ ಇವು, ಬುಡ ಹೊಲಸಾದ್ರ ಮೊದಲು ಇವೇ ಹೋಗ್ತಾವ. 19 ಸತ್ವು. ಇನ್ನ ಮ್ಯಾಲ ನಾ ಆ ಹಳದಿ ಮುಟ್ಟಲ್ಲ, ಯಾರು ಏನರೆ ಹೇಳ್ಲಿ.

ಆವತ್ತೇ ಸಂಜಿಗಿ ಬೀದರಿನ ಗೆಳೆಯ ಬಸ್ಸಿನ್ಯಾಗ ಒಂದು ಡಬ್ಬಿ ಕಳಿಸಿಕೊಟ್ಟ. ಇದು ನೋಡ್ರಿ, ಮೈಕ್ರೋವರ್ಮ್, ಮರಿಗಿ ತಿನಸೋ ಸಣ್ಣ ಜೀವಂತ ಹುಳ, ಡಬ್ಬಿ ಗೋಡಿ ಮ್ಯಾಲ ಬೆಳ್ಳಗ ಮಿಣಿ ಮಿಣಿ ಹತ್ತಲಿಕತ್ತಾವಲ್ಲ, ಅವೇ. ಬೆರಳಿಲೆ ಒರಸಿ ನೀರಾಗ ಅದ್ದಿದ್ರ ಸೀದಾ ಬುಡಕ್ಕ ಇಳಿತಾವ, ಕೋರಿ ಮರಿ ಮುಂದೇ ಹೋಗಿ ಬೀಳ್ತಾವ. ಅಂವ ಓಟ್ಸಿನ್ಯಾಗ ಬೆಳಸ್ತಾನ. ಆಯಿ ನೋಡಿ, "ಹುಳಕ್ಕ ಅಂಬಲಿ ಹಾಕು ಮಗಾ, ಅದಕ್ಕೇನು ಅಂಗಡಿ ಹಿಟ್ಟು?" ಅಂದ್ಲು. ಖರೇ ಮಾತು. ಜ್ವಾಳದ ಅಂಬಲಿ ಗಟ್ಟಿಗಿ ಕಾಸಿ ಆರಿಸಿ, ಮ್ಯಾಲ ಚಿಟಿಕಿ ಈಸ್ಟ್ ಉದುರಿಸಿ, ಅವನ ಡಬ್ಬಿದು ಒಂದು ಚಮಚ ಕೂಡಿಸಿದೆ. ನಾಕನೇ ದಿನಕ್ಕ ಗೋಡಿ ತುಂಬ ಹುಳ! ಉಪ್ಪು ಮಾತ್ರ ಹಾಕಬ್ಯಾಡ್ರಿ, ಮಜ್ಜಿಗಿನೂ ಬ್ಯಾಡ.

ಇವತ್ತ ಹದಿನಾಲ್ಕನೇ ದಿನ. 67 ಅವ. ದಿನಾ ಮೂರು ಸರ್ತಿ ಊಟ, ಸಂಜಿಗಿ ಏರ್ ಪೈಪಿಲೆ ಬುಡದ ಹೊಲಸು ಎಳ್ದು ಮೂರನೇ ಒಂದು ಪಾಲು ನೀರು ಬದಲು, ಹೊಸ ನೀರು ಅದೇ ಟೆಂಪರೇಚರಿಂದು. ಮೀಸಿ ಬಂದಾವ ನೋಡ್ರಿ, ಝೂಮ್ ಮಾಡ್ತೀನಿ... ಕಂಡ್ವಾ? ಎರಡೆರಡು ಎಳಿ. ಕೊಡ್ತೀರೇನು ಅಂತ ಮೆಸೇಜ್ ಬರಲಿಕತ್ತಾವ, ಒಂದು ಇಂಚು ಆಗೋತನಕ ಯಾರಿಗೂ ಕೊಡಲ್ಲ, ಆಮ್ಯಾಲ ಉಸುಕಿನ ಟ್ಯಾಂಕ್ ಇದ್ದವ್ರಿಗಿ, ಅದೂ ಆರಕ್ಕ ಕಮ್ಮಿ ಕೊಡಲ್ಲ, ಗುಂಪು ಬೇಕು ಇವಕ್ಕ.

ಆಯಿ ಕರೀಲಿಕತ್ತಾಳ, ಲೈಟ್ ಆರಿಸಬೇಕಂತ. ಒಂದ ನಿಮಿಷ ಆಯಿ, ಇವು ಊಟ ಮುಗಸ್ಲಿ.