ಮುದ್ದತು ಬೇಕಿದ್ದರೆ ಮುಂಚೆಯೇ ಕೇಳಿ

ಕೇಳುಗ ಬಾಂಧವರಿಗೆ ನಮಸ್ಕಾರ. ಉಪಗ್ರಹ ಪರವಾನಗಿಯ ಪ್ರಕರಣಗಳಲ್ಲಿ ಕಾಗದಪತ್ರ ಸಲ್ಲಿಸುವ ಗಡುವನ್ನು ಹೇಗೆ ವಿಸ್ತರಿಸಿಕೊಳ್ಳಬೇಕು ಎಂಬ ವಿಷಯ ನಿಮಗೆ ದೂರದ್ದೆನಿಸಬಹುದು. ಆದರೆ ನಿಮ್ಮೂರಿನ ಬ್ಯಾಂಕಿನ ಮಾಳಿಗೆಯ ಮೇಲಿರುವ ತಟ್ಟೆಯನ್ನೊಮ್ಮೆ ನೆನಪಿಸಿಕೊಳ್ಳಿ. ಅದು ನೋಡುತ್ತಿರುವ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿ ತನಗೆ ಗೊತ್ತುಮಾಡಿದ ಜಾಗದಲ್ಲಿದೆ. ನೆರೆಯ ಉಪಗ್ರಹದ ಸಂಕೇತಕ್ಕೆ ಅಡ್ಡಿಯಾಗದಂತೆ ಆ ಜಾಗವನ್ನೂ ತರಂಗಾಂತರವನ್ನೂ ಅದಕ್ಕೆ ಕೊಡಿಸಿದ್ದು ರಾಕೆಟ್ಟಿಗಿಂತ ಮೊದಲೇ ಹೊರಟ ಅರ್ಜಿ, ಆಕ್ಷೇಪಣೆ, ಉತ್ತರಗಳ ಕಡತ. ಕಾನೂನು ಓದುತ್ತಿರುವ, ಇಲ್ಲವೇ ಇಂಜಿನಿಯರಿಂಗ್ ಮುಗಿಸಿ ಬಾಹ್ಯಾಕಾಶ ಕಂಪನಿಗಳ ಕೆಲಸ ಹುಡುಕುತ್ತಿರುವ ನಮ್ಮ ವಿಜಯಪುರ, ಬಾಗಲಕೋಟೆಯ ಮಕ್ಕಳಿಗೆ ನಾನು ಹೇಳುವುದು ಒಂದೇ ಮಾತು: ಮುದ್ದತು ಬೇಕಿದ್ದರೆ ಗಡುವು ತೀರುವ ಮುಂಚೆ ಕೇಳಿ.

ಅಮೆರಿಕದಲ್ಲಿ ಉಪಗ್ರಹಗಳಿಗೆ ಪರವಾನಗಿ ಕೊಡುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿಯ ನಿಯಮಗಳನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಎಲ್ಲವೂ ಬರಹದಲ್ಲಿದೆ. ಉಪಗ್ರಹದ ಅರ್ಜಿಯೊಂದನ್ನು ಸ್ವೀಕರಿಸಿ ಸಾರ್ವಜನಿಕ ಪ್ರಕಟಣೆ ಹೊರಡಿಸಿದ ಮೇಲೆ ವಿರೋಧಿಸುವವರಿಗೆ 30 ದಿನ, ಅದಕ್ಕೆ ಉತ್ತರಿಸಲು 10 ದಿನ, ಮರು ಉತ್ತರಕ್ಕೆ ಕೇವಲ 5 ದಿನ. ಅವಧಿ ವಿಸ್ತರಣೆಯನ್ನು ವಾಡಿಕೆಯೆಂಬಂತೆ ಕೊಡುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಗಡುವಿಗೆ 7 ದಿನಕ್ಕಿಂತ ಕಡಿಮೆ ಉಳಿದಿರುವಾಗ ಮುದ್ದತು ಕೇಳಿದರೆ ಅರ್ಜಿ ಕೊಟ್ಟಷ್ಟಕ್ಕೇ ಮುಗಿಯುವುದಿಲ್ಲ. ಎದುರು ಪಕ್ಷದವರಿಗೂ ಸಂಬಂಧಪಟ್ಟ ಸಿಬ್ಬಂದಿಗೂ ಬಾಯಿಮಾತಿನಲ್ಲಿ ತಿಳಿಸಬೇಕು. ಹೊಸ ನಿಯಮಗಳ ಕರಡಿಗೆ ಅಭಿಪ್ರಾಯ ಸಲ್ಲಿಸುವ ಪ್ರಕರಣಗಳಲ್ಲಂತೂ 7 ದಿನ ಮುಂಚೆಯೇ ಕೇಳಬೇಕು, ಮತ್ತು ಹಾಗೆ ಸಕಾಲದಲ್ಲಿ ಕೇಳಿದವರ ಕೋರಿಕೆ ತಿರಸ್ಕೃತವಾದರೂ ಆದೇಶದ ನಂತರ ಎರಡು ಕೆಲಸದ ದಿನಗಳ ಅವಕಾಶವಿರುತ್ತದೆ. ಮುಂಚೆ ಕೇಳಿದವನಿಗೆ ಸೋತರೂ ಎರಡು ದಿನ ಸಿಕ್ಕವು, ನೋಡಿ.

ಇಷ್ಟು ಬಿಗಿ ಏಕೆ ಎಂದರೆ, ಇಲ್ಲಿ ಸಾಲಿನ ಪ್ರಶ್ನೆಯಿದೆ. ಕೆಳಕಕ್ಷೆಯ ಇಂಟರ್‌ನೆಟ್ ಉಪಗ್ರಹಗಳಿಗಾಗಿ ಎಫ್‌ಸಿಸಿ ಒಮ್ಮೆ 2016ರ ನವೆಂಬರ್ 15 ಕೊನೆಯ ದಿನವೆಂದು ಸಾರಿತು, ಸ್ಪೇಸ್‌ಎಕ್ಸ್ ಕಂಪನಿ 4,425 ಉಪಗ್ರಹಗಳ ಅರ್ಜಿಯನ್ನು ಸರಿಯಾಗಿ ಅದೇ ದಿನ ಸಲ್ಲಿಸಿತು. ಆ ದಿನದೊಳಗೆ ಬಂದವರೆಲ್ಲ ಒಂದೇ ಪಂಕ್ತಿ, ತಡವಾದವರು ಹಿಂದಿನ ಪಂಕ್ತಿ. ಒಬ್ಬರಿಗಾಗಿ ಅಂಥ ದಿನವನ್ನು ಸಡಿಲಿಸಿದರೆ ಸಮಯಕ್ಕೆ ಬಂದವರೆಲ್ಲರ ಪಾಲು ಕರಗುತ್ತದೆ.

ಈಗ ನನ್ನದೇ ತಪ್ಪಿನ ಕತೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ದೆಹಲಿಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೆ. ಉಪಗ್ರಹ ಸಂಪರ್ಕ ಒದಗಿಸುವ ಸಣ್ಣ ಕಂಪನಿಯೊಂದರ ಆಕ್ಷೇಪಣೆಯನ್ನು ಜನವರಿ 14ರೊಳಗೆ ಸಲ್ಲಿಸಬೇಕಿತ್ತು. ಕೊನೆಯ ದಿನ ಕಚೇರಿ ಮುಚ್ಚಿದ್ದರೆ ತೆರೆದ ಮೊದಲ ದಿನ ಸಲ್ಲಿಸಬಹುದೆಂದು 1897ರ ಸಾಮಾನ್ಯ ಖಂಡಗಳ ಅಧಿನಿಯಮದ 10ನೆಯ ಕಲಮು ಹೇಳುತ್ತದೆ. ಸಂಕ್ರಾಂತಿಗೆ ರಜೆ ಇದ್ದೇ ಇರುತ್ತದೆಂದು ನಾನು ಅದನ್ನು ನೆಚ್ಚಿಕೊಂಡು ಸಿದ್ಧೇಶ್ವರ ಜಾತ್ರೆಗೆ ಊರಿಗೆ ಬಂದುಬಿಟ್ಟೆ. ನಂದಿಕೋಲಿನ ಮೆರವಣಿಗೆಯ ಗದ್ದಲದಲ್ಲಿ ಹಿರಿಯರ ಫೋನು ಬಂತು. ಅವರು ಹೇಳುವುದು ಅರ್ಧ ಕೇಳಿಸಿತು, ಅರ್ಧ ಹಲಗೆಯ ಸದ್ದಿನಲ್ಲಿ ಮುಳುಗಿತು. ಕೇಳಿಸಿದ ಅರ್ಧವೇ ಸಾಕಾಗಿತ್ತು. ಆ ದಿನ ರಜೆ ಇದ್ದದ್ದು ನಮ್ಮ ಕರ್ನಾಟಕದಲ್ಲಿ, ದೆಹಲಿಯ ಆ ಕಚೇರಿಯಲ್ಲಿ ಅಲ್ಲ.

ಜಾತ್ರೆಯ ದಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಝೆರಾಕ್ಸ್ ಅಂಗಡಿಯವರನ್ನು ಮನೆಯಿಂದ ಎಬ್ಬಿಸಿ ಕರೆತಂದು, ಕಟ್ಟೆಯ ಮೇಲೆ ಕುಳಿತು ಕೈಯಲ್ಲೇ ಮುದ್ದತಿನ ಅರ್ಜಿ ಬರೆದು, ಸಂಜೆ ಆರೂವರೆಗೆ ಫ್ಯಾಕ್ಸ್ ಕಳಿಸಿದೆ. ಅಷ್ಟರಲ್ಲಿ ಅವ್ವ ಎಳ್ಳುಬೆಲ್ಲ ಹಿಡಿದುಕೊಂಡು ಎರಡು ಬಾರಿ ಹುಡುಕಿಕೊಂಡು ಬಂದು ಹೋಗಿದ್ದಳು. ಮುಂದಿನ ವಾರ ಅಧಿಕಾರಿಯ ಮುಂದೆ ನಿಂತು ಹಬ್ಬದ ಕಾರಣ ಹೇಳಿದೆ. ಅವರು ಸಿಟ್ಟಾಗಲಿಲ್ಲ, “ಸಂಕ್ರಾಂತಿ ಯಾವತ್ತು ಬರುತ್ತದೆಂದು ನಿಮಗೆ 13ರಂದು ಗೊತ್ತಿರಲಿಲ್ಲವೇ?” ಎಂದಷ್ಟೇ ಕೇಳಿ ಅರ್ಜಿ ವಜಾ ಮಾಡಿದರು. ಹೊರಗೆ ಚಹಾದಂಗಡಿಯಲ್ಲಿ ಎದುರು ಪಕ್ಷದ ವಕೀಲರು, ಒಂದು ದಿನ ಮೊದಲು ಫೋನ್ ಮಾಡಿದ್ದರೆ ತಾವೇ ಒಪ್ಪಿಗೆ ಬರೆದುಕೊಡುತ್ತಿದ್ದೆವೆಂದರು. ವಜಾ ಆದದ್ದಕ್ಕಿಂತ ಆ ಮಾತೇ ನನಗೆ ಹೆಚ್ಚು ಹತ್ತಿತು.

ಕತೆಯೇ ಸಮಯ ತಿಂದುಹಾಕಿತು. ಉಳಿದದ್ದನ್ನು ಅವಸರದಲ್ಲಿ ಹೇಳುತ್ತೇನೆ. ಮುದ್ದತಿನ ಅರ್ಜಿಯಲ್ಲಿ ಎಷ್ಟು ದಿನ ಬೇಕು, ಯಾವ ಕಾರಣಕ್ಕೆ ಬೇಕು, ಎದುರಿನವರು ಒಪ್ಪಿದ್ದಾರೆಯೇ ಎಂಬುದನ್ನು ಬರೆಯಿರಿ. ತರಂಗಗಳ ಅಡ್ಡಿಯ ಲೆಕ್ಕ ಹಾಕಲು ಬೇಕಾದ ಅಂಕಿಅಂಶವನ್ನು ಅರ್ಜಿದಾರರು ತಡವಾಗಿ ಕೊಟ್ಟರೆಂಬುದು ಕಾರಣ. ಕೆಲಸದ ಒತ್ತಡ ಎಂಬುದು ಕಾರಣವಲ್ಲ, ದಯವಿಟ್ಟು ಅದನ್ನು ಬರೆಯಬೇಡಿ. 2013ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರದ ಅನುದಾನ ನಿಂತಾಗ ಎಫ್‌ಸಿಸಿ ತಾನೇ ಗಡುವುಗಳನ್ನು ಮುಂದೂಡಿತ್ತು, ಆದರೆ ಅಂಥದ್ದನ್ನು ನೆಚ್ಚಿ ಕೂರುವಂತಿಲ್ಲ. ಕೊನೆಯದಾಗಿ, ಉಪಗ್ರಹ ಜಾಲವನ್ನು ಬಳಕೆಗೆ ತರಲು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಡುವ 7 ವರ್ಷಗಳ ಅವಧಿಯೇ ಬೇರೆ. ಅದನ್ನು ವಿಸ್ತರಿಸುವುದು ದೆಹಲಿಯ ಕೈಯಲ್ಲೂ ಇಲ್ಲ, ವಾಷಿಂಗ್ಟನ್ನಿನ ಕೈಯಲ್ಲೂ ಇಲ್ಲ. ಅದಕ್ಕೆ ಇನ್ನೊಂದು ಭಾಷಣವೇ ಬೇಕು. ನಮಸ್ಕಾರ.