ಗೊಂಬೆಯೊಳಗೊಂದು ಬಾಂಬು: ವೀಣೆ ಬಾಲಚಂದರ್ ಅವರ 'ಬೊಮ್ಮೈ'

ಕೇಳುಗರೆಲ್ಲರಿಗೂ ನಮಸ್ಕಾರ.

ವೀಣೆ ಎಸ್. ಬಾಲಚಂದರ್ ಅವರ ಹೆಸರು ಕೇಳದ ಸಂಗೀತಪ್ರಿಯರು ವಿರಳ. 1982ರಲ್ಲಿ ಪದ್ಮಭೂಷಣ ಪಡೆದ ದೊಡ್ಡ ವಿದ್ವಾಂಸರು. ಆದರೆ ಅವರು ತಮಿಳಿನಲ್ಲಿ ಪತ್ತೇದಾರಿ ಸಿನಿಮಾಗಳನ್ನು ತೆಗೆದವರು ಎಂಬುದು ಎಷ್ಟು ಜನಕ್ಕೆ ಗೊತ್ತು? ಗೊತ್ತಿರುವವರೂ 1954ರ 'ಅಂದ ನಾಳ್' ಒಂದನ್ನು ಹೆಸರಿಸಿ ಸುಮ್ಮನಾಗುತ್ತಾರೆ. ನಾನು ಇವತ್ತು ಮಾತಾಡಹೊರಟಿರುವುದು ಅವರ 1964ರ ಚಿತ್ರ 'ಬೊಮ್ಮೈ' ಬಗ್ಗೆ. ಬೊಮ್ಮೈ ಅಂದರೆ ಗೊಂಬೆ. ನಿರ್ಮಾಣ, ನಿರ್ದೇಶನ, ಸಂಗೀತ ಮೂರೂ ಬಾಲಚಂದರ್ ಅವರದೇ. ಜೊತೆಗೆ ನಟನೆಯೂ ಇದೆ. ನಾಯಕಿ ಎಲ್. ವಿಜಯಲಕ್ಷ್ಮಿ. 'ನೀಯುಂ ಬೊಮ್ಮೈ ನಾನುಂ ಬೊಮ್ಮೈ' ಹಾಡು ಇವತ್ತಿಗೂ ಕೇಳಿಬರುತ್ತದೆ, ಯೇಸುದಾಸ್ ತಮಿಳಿಗೆ ಬಂದ ಹೊಸದರಲ್ಲಿ ಹಾಡಿದ್ದು. ಹಾಡು ಉಳಿಯಿತು, ಸಿನಿಮಾ ಮರೆತುಹೋಯಿತು. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕಥೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಸೋಮಸುಂದರಂ ಎಂಬ ವ್ಯಾಪಾರಿ ಸಿಂಗಪುರಕ್ಕೆ ಹೊರಟಿದ್ದಾನೆ. ಈ ಪಾತ್ರ ವಿ. ಎಸ್. ರಾಘವನ್ ಅವರದು. ಅವನನ್ನು ಮುಗಿಸಬೇಕೆಂದು ಜೊತೆಯವರೇ ಒಂದು ಗೊಂಬೆಯೊಳಗೆ ಬಾಂಬು ಇಡುತ್ತಾರೆ. ಗೊಂಬೆ ಅವನ ಕೈ ತಪ್ಪುತ್ತದೆ. ಅಲ್ಲಿಂದ ಅದು ಮದರಾಸಿನಲ್ಲಿ ಕೈಯಿಂದ ಕೈಗೆ ಅಲೆಯುತ್ತದೆ. ಇಟ್ಟವರು ಹುಡುಕುತ್ತಾರೆ, ಹಿಡಿದವರಿಗೆ ಏನೂ ಗೊತ್ತಿಲ್ಲ. ನಮಗೆ ಗೊತ್ತು.

ಈ 'ನಮಗೆ ಗೊತ್ತು' ಅನ್ನುವುದೇ ಇವತ್ತಿನ ನನ್ನ ಇಡೀ ಭಾಷಣ. ಬಾಂಬು ಎಲ್ಲಿದೆ ಎಂದು ಪ್ರೇಕ್ಷಕನಿಗೆ ಮೊದಲೇ ಹೇಳಿಬಿಡಬೇಕು. ಮುಚ್ಚಿಟ್ಟರೆ ಕೊನೆಯಲ್ಲಿ ಒಂದು ಕ್ಷಣ ಬೆಚ್ಚಿಬೀಳುತ್ತಾನೆ, ಅಷ್ಟೇ. ಹೇಳಿಬಿಟ್ಟರೆ ಸಿನಿಮಾ ಮುಗಿಯುವವರೆಗೂ ಕುರ್ಚಿಯ ತುದಿಯಲ್ಲಿ ಕೂತಿರುತ್ತಾನೆ. ನಗುವೂ ಅಲ್ಲಿಂದಲೇ ಹುಟ್ಟುತ್ತದೆ. ಸಾವನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ಚಿಲ್ಲರೆ ಕಾಸಿಗೆ ಜಗಳ ಆಡುತ್ತಿದ್ದರೆ, ನೋಡುವವನಿಗೆ ನಗುವೂ ಬರುತ್ತದೆ, ಎದೆಯೂ ಹೊಡೆದುಕೊಳ್ಳುತ್ತದೆ.

ಇದನ್ನು ಸರಿಯಾಗಿ ತಿಳಿಯಬೇಕಾದರೆ ಇಂಗ್ಲಿಷ್ ನಿರ್ದೇಶಕ ಹಿಚ್‌ಕಾಕ್ 1936ರಲ್ಲಿ ಲಂಡನ್ನಿನ ಕಥೆಯಾಗಿ ತೆಗೆದ 'ಸಬೋಟಾಜ್' ನೋಡಬೇಕು. ಅದರ ಒಂದು ಭಾಗವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಸ್ಟೀವಿ ಎಂಬ ಹುಡುಗ. ಅವನ ಅಕ್ಕನ ಗಂಡ ಒಂದು ಪೊಟ್ಟಣ ಕೊಟ್ಟು, ಪಿಕಡಿಲಿಗೆ ಹೋಗಿ ಇಟ್ಟು ಬಾ ಅನ್ನುತ್ತಾನೆ. ಒಳಗೆ ಬಾಂಬು. ಸಿಡಿಯುವುದು ಮಧ್ಯಾಹ್ನ 1 ಗಂಟೆ 45 ನಿಮಿಷಕ್ಕೆ. ಹುಡುಗನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಪೊಟ್ಟಣದ ಜೊತೆಗೆ ಸಿನಿಮಾ ರೀಲಿನ ಡಬ್ಬಿಗಳೂ ಇವೆ. ದಾರಿಯಲ್ಲಿ ಹಲ್ಲುಪುಡಿಯಂಥ ಸಾಮಾನು ಮಾರುವವನೊಬ್ಬ ಇವನನ್ನೇ ಹಿಡಿದು ಕೂರಿಸಿ, ಜನರ ಮುಂದೆ ಹಲ್ಲು ಉಜ್ಜಿಸಿ, ತಲೆಗೆ ಎಣ್ಣೆ ಮೆತ್ತಿ ಬಾಚುತ್ತಾನೆ. ಸುತ್ತ ನಿಂತವರು ನಗುತ್ತಾರೆ, ನಾವೂ ನಗುತ್ತೇವೆ, ಗಡಿಯಾರ ಓಡುತ್ತಿದೆ. ಮುಂದೆ ರಸ್ತೆಗೆ ಅಡ್ಡಲಾಗಿ ಮೆರವಣಿಗೆ. ಹುಡುಗ ನಿಂತು ನೋಡುತ್ತಾನೆ. ಹೊತ್ತಾಯಿತೆಂದು ಬಸ್ ಹತ್ತುತ್ತಾನೆ. ಕಂಡಕ್ಟರ್ ಡಬ್ಬಿ ನೋಡಿ ತಕರಾರು ತೆಗೆಯುತ್ತಾನೆ. ಆ ಕಾಲದ ಫಿಲ್ಮು ನೈಟ್ರೇಟಿನದು, ಬೆಂಕಿ ಸೋಕಿದರೆ ಭಗ್ಗನೆ ಹತ್ತುತ್ತಿತ್ತು, ಬಸ್ಸಿನಲ್ಲಿ ಒಯ್ಯುವ ಹಾಗಿರಲಿಲ್ಲ. ಆಮೇಲೆ ಹೋಗಲಿ ಎಂದು ಬಿಡುತ್ತಾನೆ. ಅಪಾಯ ಡಬ್ಬಿಯಲ್ಲಿದೆ ಎಂದು ಅವನು ತಿಳಿದಿದ್ದಾನೆ, ಅಪಾಯ ಪೊಟ್ಟಣದಲ್ಲಿದೆ ಎಂದು ನಮಗೆ ಗೊತ್ತು! ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಲ್ಲಿ ನಾಯಿಮರಿ. ಹುಡುಗ ಅದರ ಜೊತೆ ಆಡುತ್ತಾನೆ. ಬೀದಿಯ ಗಡಿಯಾರ, ಪೊಟ್ಟಣ, ಹುಡುಗ, ಮತ್ತೆ ಗಡಿಯಾರ. 1 ಗಂಟೆ 45. ಬಾಂಬು ಸಿಡಿಯುತ್ತದೆ. ಹುಡುಗನೂ ಸತ್ತ, ಬಸ್ಸಿನಲ್ಲಿದ್ದವರೂ ಸತ್ತರು.

ಪ್ರೇಕ್ಷಕರು ಇದನ್ನು ಕ್ಷಮಿಸಲಿಲ್ಲ. ಹಾಗೆ ಮಾಡಬಾರದಿತ್ತು ಎಂದು ಹಿಚ್‌ಕಾಕ್ ಮುಂದೆ ತಾನೇ ಹೇಳಿಕೊಂಡ. ಅಷ್ಟು ಹೊತ್ತು ಜೀವ ಬಿಗಿಹಿಡಿದು ಕೂತವರಿಗೆ ಕೊನೆಗೊಂದು ಬಿಡುಗಡೆ ಕೊಡಲೇಬೇಕು, ಕೊಡದಿದ್ದರೆ ಮೋಸ ಹೋದೆವೆಂದು ಸಿಟ್ಟಾಗುತ್ತಾರೆ. 'ಬೊಮ್ಮೈ' ಗಟ್ಟಿಯಾಗುವುದು ಇಲ್ಲೇ. ಅಲ್ಲಿ ಒಂದು ಪ್ರಸಂಗವಾಗಿದ್ದದ್ದು ಇಲ್ಲಿ ಇಡೀ ಚಿತ್ರದ ಬೆನ್ನೆಲುಬು. ಒಂದು ಕೈಯಿಂದ ಗೊಂಬೆ ಹೋಯಿತೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಕೈ ಸೇರಿರುತ್ತದೆ. ಬಿಡುಗಡೆಯನ್ನು ಕಂತುಕಂತಾಗಿ ಕೊಡುತ್ತಾ ಹೋಗುತ್ತಾರೆ. ಗೊಂಬೆ ಕೊನೆಗೆ ಏನಾಯಿತು ಎಂದು ನಾನು ಹೇಳುವುದಿಲ್ಲ, ನೋಡಿ.

ಈಗ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರಿಗೆ. ನೀವು ಕೇಳುತ್ತಿದ್ದೀರಿ ಎಂದು ನಂಬಿ ಹೇಳುತ್ತೇನೆ. ಹಾಸ್ಯಕ್ಕೆಂದು ಬೇರೆ ಟ್ರ್ಯಾಕ್ ಹಾಕಬೇಡಿ, ದಯವಿಟ್ಟು. ನಾಯಕನ ಗೆಳೆಯ ಬಂದು ಐದು ನಿಮಿಷ ನಗಿಸಿ ಹೋಗುವಷ್ಟರಲ್ಲಿ ಬಾಂಬು ತಣ್ಣಗಾಗಿರುತ್ತದೆ. ನಗುವ ದೃಶ್ಯದಲ್ಲೂ ಗೊಂಬೆ ಚೌಕಟ್ಟಿನಲ್ಲಿ ಇರಲಿ. ಒಂದು ಮೂಲೆಯಲ್ಲಿ ಇದ್ದರೂ ಸಾಕು. ಹದಿನೈದು ನಿಮಿಷದ ಚಿತ್ರವಾದರೆ ವಸ್ತು ನಾಲ್ಕೈದು ಸಲ ಕೈ ಬದಲಾಯಿಸಲಿ, ಹೆಚ್ಚು ಬೇಡ. ಪ್ರತಿ ಸಲವೂ ಕಾರಣ ಬೇರೆ ಇರಬೇಕು: ಒಬ್ಬ ಮರೆತು ಹೋದ, ಒಬ್ಬ ಕದ್ದ, ಒಬ್ಬಳು ಮಗುವಿಗೆಂದು ಕೊಂಡಳು. ಎರಡು ಸಲ ಮರೆತರೆ ಕಥೆಗಾರನಿಗೇ ತೋಚಲಿಲ್ಲ ಎಂದು ಪ್ರೇಕ್ಷಕ ಹಿಡಿದುಬಿಡುತ್ತಾನೆ. ಗೊಂಬೆಯ ಕ್ಲೋಸಪ್ ಮೂರು ಸೆಕೆಂಡಿಗಿಂತ ಉದ್ದ ಬೇಡ, ಪದೇಪದೇ ಅಂತೂ ಬೇಡವೇ ಬೇಡ. ಮೂರನೆಯ ಸಲಕ್ಕೆ ಅದು ಬರೀ ಆಟಿಕೆ ಆಗಿಬಿಡುತ್ತದೆ. ಟಿಕ್ ಟಿಕ್ ಸದ್ದನ್ನು ಮಾತಿನ ಮೇಲೆ ಹಾಕುವವರಿದ್ದಾರೆ, ಅವರಿಗೆ ಏನು ಹೇಳಲಿ! ಮಾತು ನಿಂತ ಕಡೆ ಹಾಕಿ, ಒಂದೇ ಸಲ ಹಾಕಿ. ವಸ್ತು ಕೈಗೆತ್ತಿಕೊಳ್ಳಬೇಕೆನಿಸುವಷ್ಟು ಚೆಂದವಾಗಿರಲಿ. ಕಪ್ಪು ಪೆಟ್ಟಿಗೆಯೊಳಗೆ ಬಾಂಬು ಇಟ್ಟರೆ ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಗೊಂಬೆಯನ್ನು ಒಯ್ಯುತ್ತಾರೆ, ಬಾಲಚಂದರ್ ಲೆಕ್ಕ ಹಾಕಿದ್ದು ಅದನ್ನೇ. ಇಷ್ಟೆಲ್ಲ ಮಾಡಿಯೂ ಬಾಂಬು ಇದೆ ಎಂಬುದನ್ನೇ ಮುಚ್ಚಿಟ್ಟಿರೋ, ಎಲ್ಲ ದಂಡ. ಮೊದಲೇ ಹೇಳಿಬಿಡಿ.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 'ಬೊಮ್ಮೈ' ಮುಗಿದ ಕೂಡಲೇ ಎದ್ದು ಹೋಗಬೇಡಿ. ಕೊನೆಯಲ್ಲಿ ಬಾಲಚಂದರ್ ತೆರೆಯ ಹಿಂದೆ ದುಡಿದವರನ್ನು ಪರದೆಯ ಮೇಲೆ ಪರಿಚಯ ಮಾಡಿಸುತ್ತಾರೆ. 1964ರಲ್ಲಿ ತಂತ್ರಜ್ಞರಿಗೆ ಆ ಗೌರವ ಕೊಟ್ಟವರು ಎಷ್ಟು ಮಂದಿ ಇದ್ದರು?

ಇದಾದ ಮೇಲೆ 'ಅಂದ ನಾಳ್' ನೋಡಿ. ಮದರಾಸಿನ ಎವಿಎಂ ಸ್ಟುಡಿಯೋದ ಚಿತ್ರ, ಬರೆದವರು ಜಾವರ್ ಸೀತಾರಾಮನ್. 1943ರ ಮದರಾಸು, ಜಪಾನಿ ಬಾಂಬಿನ ಭಯ, ಒಂದು ಕೊಲೆ. ಸಂಗೀತ ವಿದ್ವಾಂಸರೇ ಒಂದೂ ಹಾಡಿಲ್ಲದೆ ಚಿತ್ರ ತೆಗೆದರು! ಶಿವಾಜಿ ಗಣೇಶನ್ ಜೊತೆ ನಮ್ಮ ಭಟ್ಕಳದ ಪಂಡರಿಬಾಯಿ. ಅದೇ ವರ್ಷ 'ಬೇಡರ ಕಣ್ಣಪ್ಪ'ದಲ್ಲೂ ನಾಯಕಿಯಾಗಿದ್ದವರು. ಪಂಡರಿಬಾಯಿ ಬಾಲಚಂದರ್ ಅವರದೇ 1970ರ 'ನಡು ಇರವಿಲ್'ನಲ್ಲೂ ಇದ್ದಾರೆ. ಅದಕ್ಕೆ ಆಧಾರ ಅಗಾಥಾ ಕ್ರಿಸ್ಟಿಯ ಕಾದಂಬರಿ. ಒಂದು ಬಂಗಲೆಯಲ್ಲಿ ಸೇರಿದ ನೆಂಟರು ಒಬ್ಬೊಬ್ಬರಾಗಿ ಸಾಯುತ್ತಾರೆ, ನಗಿಸಲು ಚೋ ಇದ್ದಾರೆ. ಈ ಎರಡರಲ್ಲೂ ಕೊಲೆಗಾರ ಯಾರೆಂದು ನಮಗೆ ಮೊದಲೇ ಹೇಳುವುದಿಲ್ಲ. ಹಾಗಾಗಿ ಮೊದಲು 'ಬೊಮ್ಮೈ', ಆಮೇಲೆ ಇವು. ನೋಡುವಾಗ ನಿಮ್ಮ ಎದೆಬಡಿತ ಎಲ್ಲಿ ಜೋರಾಯಿತು ಎಂಬುದನ್ನು ಗಮನಿಸಿ. 'ಅಂದ ನಾಳ್'ನಲ್ಲಿ ತಲೆ ಕೆಲಸ ಮಾಡುತ್ತದೆ, 'ಬೊಮ್ಮೈ'ಯಲ್ಲಿ ಹೊಟ್ಟೆಯೊಳಗೆ ತಳಮಳ.

ಅವಕಾಶ ಕೊಟ್ಟ ಆಕಾಶವಾಣಿಗೆ, ಕೇಳಿದ ನಿಮಗೆ ವಂದನೆಗಳು. ನಮಸ್ಕಾರ.