ಆನ್‌ಲೈನ್ ಎಂ.ಎ.: ಪಾಸಿನ ಲೆಕ್ಕ, ಬಾಕಿ ಪತ್ರಿಕೆ, ಮುಂದಿನ ವರ್ಷ

ಕೇಳುಗರಿಗೆ ನಮಸ್ಕಾರ.

ಎಂ.ಎ., ಎಂ.ಕಾಂ., ಎಂ.ಬಿ.ಎ., ಎಂ.ಸಿ.ಎ. ಇವನ್ನೆಲ್ಲ ಈಗ ಮನೆಯಲ್ಲೇ ಇದ್ದು ಆನ್‌ಲೈನ್‌ನಲ್ಲಿ ಓದಬಹುದು. ನೌಕರಿಯಲ್ಲಿರುವವರು, ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರು, ಪಾಠ ಮಾಡುತ್ತಲೇ ಬಡ್ತಿಗೆಂದು ಓದುವ ಮೇಷ್ಟ್ರುಗಳು ಇದಕ್ಕೆ ಸೇರುತ್ತಾರೆ. ಸೇರುವುದು ಹೇಗೆ, ಶುಲ್ಕ ಎಷ್ಟು, ಕಂತು ಇದೆಯೇ ಎಂದು ತಿಳಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಸೇರಿದ ಮೇಲೆ ಪಾಸಿಗೆ ಎಷ್ಟು ಬೇಕು, ಫೇಲಾದರೆ ದಾರಿ ಯಾವುದು, ಮೊದಲ ವರ್ಷದ ಪತ್ರಿಕೆ ಉಳಿದಿದ್ದರೆ ಎರಡನೇ ವರ್ಷಕ್ಕೆ ಹೋಗಬಹುದೇ? ಇದನ್ನು ಬಿಡಿಸಿ ಹೇಳುವವರು ಕಡಿಮೆ. ಚೆನ್ನಾಗಿ ಓದುವ ಎಷ್ಟೋ ಜನರ ಪದವಿ, ಕೊಡದೆ ಉಳಿದ ಒಂದು ಅಸೈನ್‌ಮೆಂಟಿನಿಂದಲೋ, ತುಂಬದೆ ಬಿಟ್ಟ ಒಂದು ಫಾರಂನಿಂದಲೋ ವರ್ಷಗಟ್ಟಲೆ ನಿಂತುಬಿಡುತ್ತದೆ. ಹಾಗಾಗಿ ಇವತ್ತು ಪಠ್ಯದ ಮಾತು ಬಿಟ್ಟು ನಿಯಮದ ಮಾತನ್ನೇ ಆಡೋಣ.

ನಮ್ಮ ದೇಶದ ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿಗಳಿಗೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2020ರ ನಿಯಮಾವಳಿಯೇ ಆಧಾರ. ಅದರ ಪ್ರಕಾರ ಆಂತರಿಕ ಮೌಲ್ಯಮಾಪನಕ್ಕೆ, ಅಂದರೆ ಅಸೈನ್‌ಮೆಂಟ್, ಕ್ವಿಜ್ ಇಂಥವಕ್ಕೆ, ಶೇಕಡ 30ಕ್ಕಿಂತ ಹೆಚ್ಚು ತೂಕ ಕೊಡುವಂತಿಲ್ಲ. ಉಳಿದ 70 ಕೊನೆಯ ಪರೀಕ್ಷೆಗೆ. ಆ ಪರೀಕ್ಷೆಯನ್ನು ನಿಗಾ ಇಟ್ಟೇ ನಡೆಸಬೇಕು. ಕೇಂದ್ರಕ್ಕೆ ಹೋಗಿ ಬರೆಯುವುದಾದರೂ ಸರಿ, ಕ್ಯಾಮೆರಾ ನಿಗಾದಲ್ಲಿ ಬರೆಯುವುದಾದರೂ ಸರಿ. ಆನ್‌ಲೈನ್ ಕೋರ್ಸಿಗೆ ಇನ್ನೊಂದು ಷರತ್ತಿದೆ. ಪಾಠದ ಚಟುವಟಿಕೆಗಳಲ್ಲಿ ಕನಿಷ್ಠ ಶೇಕಡ 75 ಭಾಗವಹಿಸಿರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಅರ್ಹತೆ ಇಲ್ಲ. ಈ ಹಾಜರಿಯನ್ನು ಲೆಕ್ಕ ಹಾಕುವುದು ಪೋರ್ಟಲ್. ನೀವು ಲಾಗಿನ್ ಆಗಿ ನೋಡಿದ ವಿಡಿಯೊ, ಬರೆದ ಕ್ವಿಜ್, ಚರ್ಚೆಯಲ್ಲಿ ಹಾಕಿದ ಉತ್ತರ ಅಲ್ಲಿ ದಾಖಲಾಗುತ್ತವೆ. ಗೆಳೆಯರು ಕಳಿಸಿದ ವಿಡಿಯೊವನ್ನು ಫೋನಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ನೋಡಿದರೆ ವಿದ್ಯೆ ಬರಬಹುದು, ಹಾಜರಿ ಬರುವುದಿಲ್ಲ.

ಈಗ ಅಂಕದ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವನ್ನು ತೆಗೆದುಕೊಳ್ಳುತ್ತೇನೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಮತ್ತು ವಿಜಯಪುರದಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ. ದೂರಶಿಕ್ಷಣವಿರಲಿ, ಆನ್‌ಲೈನ್ ಇರಲಿ, ಅಲ್ಲಿ ಚೌಕಟ್ಟು ಬಹುಪಾಲು ಒಂದೇ. ಅಸೈನ್‌ಮೆಂಟಿಗೆ 100 ಅಂಕ, ಅದರ ತೂಕ 30. ಟರ್ಮ್ ಎಂಡ್ ಪರೀಕ್ಷೆಗೆ, ಅಂದರೆ ಕೊನೆಯ ಪರೀಕ್ಷೆಗೆ, 100 ಅಂಕ, ಅದರ ತೂಕ 70. ಹೆಚ್ಚಿನ ಎಂ.ಎ. ಕೋರ್ಸುಗಳಲ್ಲಿ ಪಾಸಿಗೆ ಶೇಕಡ 40 ಬೇಕು. ಈ 40 ಎರಡೂ ಕಡೆ ಬೇರೆ ಬೇರೆಯಾಗಿ ಬರಬೇಕು ಎಂಬುದನ್ನು ದಯವಿಟ್ಟು ಗಮನಿಸಿ.

ಒಬ್ಬ ವಿದ್ಯಾರ್ಥಿನಿಗೆ ಅಸೈನ್‌ಮೆಂಟಿನಲ್ಲಿ 82, ಪರೀಕ್ಷೆಯಲ್ಲಿ 38 ಬಂದಿದೆ ಅಂದುಕೊಳ್ಳಿ. 82ರ ಶೇಕಡ 30 ಅಂದರೆ 24.6. 38ರ ಶೇಕಡ 70 ಅಂದರೆ 26.6. ಕೂಡಿದರೆ 51.2. ಒಟ್ಟು ಅರ್ಧಕ್ಕಿಂತ ಹೆಚ್ಚಿದೆ. ಆದರೂ ಆ ಪತ್ರಿಕೆ ಪಾಸಲ್ಲ, ಏಕೆಂದರೆ ಪರೀಕ್ಷೆಯಲ್ಲಿ 40 ದಾಟಿಲ್ಲ. ಆಕೆ ಮತ್ತೆ ಪರೀಕ್ಷೆ ಬರೆದರೆ ಸಾಕು. ಅಸೈನ್‌ಮೆಂಟಿನ 82 ಹಾಗೇ ಉಳಿದಿರುತ್ತದೆ, ಹೊಸದಾಗಿ ಬರೆಯಬೇಕಿಲ್ಲ. ಮುಂದಿನ ಸಲ 46 ಬಂತು ಅನ್ನಿ, 24.6ಕ್ಕೆ 32.2 ಸೇರಿ 56.8 ಆಗುತ್ತದೆ. ಹಿಂದಿನ 38 ಯಾವ ಸರಾಸರಿಗೂ ಸೇರುವುದಿಲ್ಲ.

ಉಲ್ಟಾ ಆದರೂ ಇದೇ ನಿಯಮ. ಪರೀಕ್ಷೆಯಲ್ಲಿ 65 ತೆಗೆದು ಅಸೈನ್‌ಮೆಂಟ್ ಕೊಡದೇ ಇದ್ದರೆ ಪತ್ರಿಕೆ ಪೂರ್ಣವಾಗುವುದಿಲ್ಲ. ಗ್ರೇಡ್ ಕಾರ್ಡನ್ನು ಪರದೆಯ ಮೇಲೆ ತೆರೆದು ನೋಡಿ. ಪ್ರತಿ ಪತ್ರಿಕೆಯ ಸಾಲಿನಲ್ಲಿ ಅಸೈನ್‌ಮೆಂಟಿಗೆ ಒಂದು ಅಂಕಣ, ಪರೀಕ್ಷೆಗೆ ಒಂದು ಅಂಕಣ, ಕೊನೆಯಲ್ಲಿ ‘ಸ್ಟೇಟಸ್’ ಎಂಬ ಅಂಕಣ ಇರುತ್ತದೆ. ಪರೀಕ್ಷೆಯ ಅಂಕಣದಲ್ಲಿ 65 ಇದ್ದು ಅಸೈನ್‌ಮೆಂಟಿನ ಜಾಗ ಖಾಲಿ ಇದ್ದರೆ ಸ್ಟೇಟಸ್ ಎದುರು ‘ನಾಟ್ ಕಂಪ್ಲೀಟೆಡ್’ ಎಂದೇ ಇರುತ್ತದೆ. ಎರಡು ವರ್ಷ ಪೂರ್ತಿ ಹೀಗೆಯೇ ಇದ್ದು, ಪದವಿ ಪ್ರಮಾಣಪತ್ರ ಯಾಕೆ ಬಂದಿಲ್ಲ ಎಂದು ವಿಚಾರಿಸುವಾಗ ಮಾತ್ರ ಇದು ಕಣ್ಣಿಗೆ ಬೀಳುವುದುಂಟು. ಪ್ರತಿ ಫಲಿತಾಂಶದ ನಂತರ ಒಮ್ಮೆ ಸ್ಟೇಟಸ್ ಅಂಕಣದ ಮೇಲೆ ಕಣ್ಣಾಡಿಸಿದರೆ ಈ ಪೇಚಾಟ ತಪ್ಪುತ್ತದೆ.

ಅಸೈನ್‌ಮೆಂಟಿನ ಇನ್ನೊಂದು ತೊಡಕು ಪ್ರಶ್ನೆಗಳದ್ದು. ಪ್ರಶ್ನೆಗಳು ಆಯಾ ಅವಧಿಗೆ ಸೀಮಿತ. ಕಳೆದ ವರ್ಷ ಕೊಡದೆ ಬಿಟ್ಟಿದ್ದರೆ ಆಗಿನ ಪ್ರಶ್ನೆಗಳಿಗೆ ಬರೆದಿಟ್ಟ ಉತ್ತರ ಈಗ ನಡೆಯುವುದಿಲ್ಲ. ಈಗ ಚಾಲ್ತಿಯಲ್ಲಿರುವ ಪ್ರಶ್ನೆಪತ್ರಿಕೆ ಇಳಿಸಿಕೊಂಡು ಹೊಸದಾಗಿ ಬರೆಯಬೇಕು. ಜೂನ್ ಪರೀಕ್ಷೆಗೆ ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್, ಡಿಸೆಂಬರ್ ಪರೀಕ್ಷೆಗೆ ಸೆಪ್ಟೆಂಬರ್-ಅಕ್ಟೋಬರ್ ಕೊನೆಯ ದಿನಾಂಕ ಇರುತ್ತದೆ. ದಿನಾಂಕ ಮುಂದಕ್ಕೆ ಹೋಗುವುದುಂಟು, ಹೋಗಿಯೇ ಹೋಗುತ್ತದೆ ಎಂದು ನಂಬಿ ಕೂರಬೇಡಿ. ಅಂಗಡಿಯಲ್ಲಿ ಸಿಗುವ, ವಾಟ್ಸಾಪಿನಲ್ಲಿ ಹರಿದಾಡುವ ಸಿದ್ಧ ಉತ್ತರಗಳನ್ನು ನಕಲು ಮಾಡಿದರೆ ಒಂದೇ ಥರದ ಹತ್ತು ಪ್ರತಿಗಳು ಮೌಲ್ಯಮಾಪಕರ ಕೈಗೆ ಸಿಕ್ಕಿ ತಿರಸ್ಕೃತವಾಗುತ್ತವೆ. ಆಮೇಲೆ ಮತ್ತೆ ಆರು ತಿಂಗಳು.

ಇನ್ನು ಮುಂದಿನ ವರ್ಷಕ್ಕೆ ಹೋಗುವ ಮಾತು. ಮೊದಲ ವರ್ಷದ ಪತ್ರಿಕೆಗಳು ಪಾಸಾಗದೆ ಎರಡನೇ ವರ್ಷಕ್ಕೆ ಬಿಡುವುದಿಲ್ಲ ಎಂಬ ಭಯ ತುಂಬಾ ಜನರಲ್ಲಿದೆ. ಇಗ್ನೋದಲ್ಲಿ ಹಾಗಿಲ್ಲ. ಮೊದಲ ವರ್ಷದ ಪರೀಕ್ಷೆ ಬರೆದಿದ್ದರೂ ಬರೆಯದಿದ್ದರೂ, ಪಾಸಾಗಿದ್ದರೂ ಆಗದಿದ್ದರೂ, ಎರಡನೇ ವರ್ಷಕ್ಕೆ ರೀ-ರಿಜಿಸ್ಟ್ರೇಷನ್ ಮಾಡಿಸಬಹುದು. ಆದರೆ ಅದು ತಾನಾಗಿ ಆಗುವುದಿಲ್ಲ. ಪೋರ್ಟಲಿನಲ್ಲಿ ಫಾರಂ ತೆರೆದಿರುವಾಗ ನೀವೇ ಪತ್ರಿಕೆಗಳನ್ನು ಆರಿಸಿ ಶುಲ್ಕ ಕಟ್ಟಬೇಕು. ಮೊದಲ ವರ್ಷದ್ದು ಮುಗಿಸಿಕೊಂಡು ಆಮೇಲೆ ಕಟ್ಟೋಣ ಎಂದು ಕೂತವರು ಕಳೆದುಕೊಳ್ಳುವುದು ಏನನ್ನು ಎಂದು ಎಣಿಸಿ ನೋಡೋಣ.

ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಗರಿಷ್ಠ ಅವಧಿ 4 ವರ್ಷ. 2025ರ ಜುಲೈನಲ್ಲಿ ಸೇರಿದವರಿಗೆ ಅದು 2029ರ ಜೂನ್‌ಗೆ ಮುಗಿಯುತ್ತದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ. ಮೊದಲ ವರ್ಷದ ಪತ್ರಿಕೆಗಳನ್ನು ಮೊದಲು ಬರೆಯಲು ಸಿಗುವುದು 2026ರ ಜೂನ್‌ನಲ್ಲಿ. ಅಲ್ಲಿಂದ 2029ರ ಜೂನ್‌ವರೆಗೆ ಒಟ್ಟು 7 ಅವಕಾಶ. ಎರಡನೇ ವರ್ಷಕ್ಕೆ 2026ರ ಜುಲೈನಲ್ಲೇ ರಿಜಿಸ್ಟರ್ ಆದರೆ ಆ ಪತ್ರಿಕೆಗಳಿಗೆ 2027ರ ಜೂನ್‌ನಿಂದ 5 ಅವಕಾಶ. ಒಂದು ವರ್ಷ ತಡಮಾಡಿ 2027ರ ಜುಲೈನಲ್ಲಿ ರಿಜಿಸ್ಟರ್ ಆದರೆ 2028ರ ಜೂನ್, ಡಿಸೆಂಬರ್, 2029ರ ಜೂನ್, ಇವು ಮೂರೇ. ಅವಧಿಯ ಒಳಗೆ ಎಷ್ಟು ಸಲ ಬೇಕಾದರೂ ಬರೆಯಬಹುದು ಎಂಬ ನಿಯಮ ಉದಾರವಾಗಿಯೇ ಇದೆ. ಆದರೆ ಗಡಿಯಾರ ಮೊದಲ ದಿನದಿಂದಲೇ ಓಡುತ್ತಿರುತ್ತದೆ, ನೀವು ಓದದೆ ಬಿಟ್ಟ ಆರು ತಿಂಗಳೂ ಅದರಲ್ಲಿ ಸೇರಿರುತ್ತದೆ. ಅವಧಿ ಮುಗಿದ ಮೇಲೆ ಉಳಿದ ಪತ್ರಿಕೆಗಳಿಗೆ ಒಂದೊಂದಕ್ಕೂ ಶುಲ್ಕ ಕಟ್ಟಿ ಮರುಪ್ರವೇಶ ಪಡೆಯುವ ದಾರಿ ಇದೆ. ಅದು ಕೊನೆಯ ದಾರಿ, ಅದನ್ನೇ ನಂಬಿಕೊಂಡು ಹೊರಡುವುದು ಬೇಡ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು. ಓದಿನ ಪ್ರಮಾಣವನ್ನು ಅಳೆಯುವ ಕ್ರೆಡಿಟ್‌ಗಳನ್ನು ವಿದ್ಯಾರ್ಥಿಯ ಹೆಸರಿನ ಖಾತೆಯಲ್ಲಿ ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆ 2021ರಿಂದ ಇದೆ. ಗಳಿಸಿದ ಕ್ರೆಡಿಟ್ ಅಲ್ಲಿ 7 ವರ್ಷದವರೆಗೆ ಬಳಕೆಗೆ ಸಿಗುತ್ತದೆ. ಇದನ್ನು ಕೇಳಿ, ಹಾಗಾದರೆ ಎಂ.ಎ. ಮುಗಿಸಲು 7 ವರ್ಷ ಇದೆ ಎಂದುಕೊಳ್ಳುವವರಿದ್ದಾರೆ. ಕ್ರೆಡಿಟ್ ಉಳಿಯುವ ಅವಧಿಯೇ ಬೇರೆ, ನೀವು ಸೇರಿದ ಕೋರ್ಸಿನ ಗರಿಷ್ಠ ಅವಧಿಯೇ ಬೇರೆ.

ಪರೀಕ್ಷಾ ಫಾರಂ ವಿಷಯದಲ್ಲಿ ಪ್ರತಿ ಸಲ ಅದೇ ಎಡವಟ್ಟು ಆಗುತ್ತದೆ. ಡಿಸೆಂಬರಿನಲ್ಲಿ ಬರೆದ ಪತ್ರಿಕೆಯ ಫಲಿತಾಂಶ ಪೂರ್ತಿ ಬರುವ ಮೊದಲೇ ಜೂನ್ ಪರೀಕ್ಷೆಯ ಫಾರಂ ತೆರೆದಿರಬಹುದು. ಫಲಿತಾಂಶ ನೋಡಿ ತುಂಬೋಣ ಎಂದು ಕಾದವರಿಗೆ ಕೊನೆಯ ದಿನಾಂಕ ದಾಟಿಹೋಗಿರುತ್ತದೆ. ಫಲಿತಾಂಶಕ್ಕೆ ಕಾಯದೆ ಫಾರಂ ತುಂಬಿ ಎಂದು ವಿಶ್ವವಿದ್ಯಾಲಯವೇ ಹೇಳುತ್ತದೆ. ಅನುಮಾನವಿರುವ ಪತ್ರಿಕೆಗೆ ಶುಲ್ಕ ಕಟ್ಟಿಬಿಡಿ. ಪಾಸಾಗಿದ್ದರೆ ಆ ಹಣ ಹೋದಂತೆ, ಆದರೆ ಆರು ತಿಂಗಳು ಹೋಗುವುದಕ್ಕಿಂತ ಅದು ವಾಸಿ. ಫಾರಂ ತುಂಬುವ ಮೊದಲು ವೇಳಾಪಟ್ಟಿ ತೆಗೆದು, ಬಾಕಿ ಪತ್ರಿಕೆ ಮತ್ತು ಈ ವರ್ಷದ ಪತ್ರಿಕೆ ಒಂದೇ ದಿನ ಒಂದೇ ಹೊತ್ತಿಗೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಒಂದನ್ನೇ ಬರೆಯಬೇಕು, ಇನ್ನೊಂದು ಮುಂದಿನ ಸಲಕ್ಕೆ. ಆಗ ಯಾವುದನ್ನು ಬರೆಯುವುದು? ಓದಿ ಮುಗಿದಿರುವುದನ್ನು ಬರೆಯಿರಿ. ಹಳೆಯದು ಮೊದಲು ತೀರಲಿ ಎಂಬ ಹಠಕ್ಕೆ ಎರಡನ್ನೂ ಅರ್ಧಂಬರ್ಧ ಮಾಡಿಕೊಳ್ಳುವುದು ಬೇಡ.

ಅಂಕ ನಿರೀಕ್ಷೆಗಿಂತ ತೀರಾ ಕಡಿಮೆ ಬಂದರೆ ಮರುಮೌಲ್ಯಮಾಪನ ಕೇಳಬಹುದು. ಫಲಿತಾಂಶ ಬಂದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ಎರಡು ಅಂಕಗಳಲ್ಲಿ ಹೆಚ್ಚಿನದನ್ನೇ ಪರಿಗಣಿಸುತ್ತಾರೆ, ಆದ್ದರಿಂದ ಇದ್ದದ್ದು ಕಡಿಮೆಯಾದೀತು ಎಂಬ ಅಂಜಿಕೆ ಬೇಡ. ಇದು ಲಿಖಿತ ಪರೀಕ್ಷೆಗೆ ಮಾತ್ರ. ಅಸೈನ್‌ಮೆಂಟ್, ಪ್ರಾಕ್ಟಿಕಲ್, ಪ್ರಾಜೆಕ್ಟಿಗೆ ಇಲ್ಲ. ಮರುಮೌಲ್ಯಮಾಪನಕ್ಕೆ ಹಾಕಿದ ಪತ್ರಿಕೆಗೂ ಮುಂದಿನ ಪರೀಕ್ಷೆಯ ಫಾರಂ ತುಂಬಿಡುವುದು ಜಾಣತನ.

ಪಾಸಾದ ಪತ್ರಿಕೆಯನ್ನು ಅಂಕ ಹೆಚ್ಚಿಸಿಕೊಳ್ಳಲೆಂದು ನಡುವೆ ಮತ್ತೆ ಬರೆಯಲು ಇಗ್ನೋದಲ್ಲಿ ಅವಕಾಶವಿಲ್ಲ. 41 ಬಂದು ಪಾಸಾದರೆ ಆ 41 ಹಾಗೇ ನಿಲ್ಲುತ್ತದೆ. ಪದವಿ ಪೂರ್ತಿಯಾದ ಮೇಲೆ ಪ್ರಥಮ ಅಥವಾ ದ್ವಿತೀಯ ದರ್ಜೆಗೆ, ಇಲ್ಲವೇ ಸ್ನಾತಕೋತ್ತರದ ಒಟ್ಟು ಶೇಕಡ 55ಕ್ಕೆ ಶೇಕಡ 2ರೊಳಗೆ ಕೊರತೆ ಇದ್ದವರಿಗೆ ಮಾತ್ರ ಸುಧಾರಣಾ ಪರೀಕ್ಷೆ ಇದೆ. ಅದೂ ಒಟ್ಟು ಕ್ರೆಡಿಟ್ಟಿನ ಶೇಕಡ 25 ಮೀರದಷ್ಟು ಪತ್ರಿಕೆಗಳಿಗೆ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿ (ನೆಟ್), ಕೆ-ಸೆಟ್ ಬರೆಯಬೇಕೆಂದಿರುವವರಿಗೆ 55 ಎಷ್ಟು ಮುಖ್ಯ ಎಂದು ಗೊತ್ತೇ ಇದೆ. ಅಂಥವರು ಬರೀ ಪಾಸಿನ ಗುರಿಯಿಂದ ಪರೀಕ್ಷೆಗೆ ಕೂರಬಾರದು. ತಯಾರಿ ಸಾಲದಿದ್ದರೆ ಆ ಪತ್ರಿಕೆಯನ್ನು ಆ ಸಲ ಬರೆಯದೇ ಬಿಟ್ಟು ಮುಂದಿನ ಸಲ ಬರೆಯುವುದು ಮೇಲು. 41ರ ಪಾಸಿಗಿಂತ ಗೈರುಹಾಜರಿಯಿಂದಲೇ ಅವರಿಗೆ ಲಾಭ.

ಎಲ್ಲ ವಿಶ್ವವಿದ್ಯಾಲಯಗಳ ಲೆಕ್ಕವೂ ಹೀಗಿರುವುದಿಲ್ಲ. ಸೆಮಿಸ್ಟರ್ ಪದ್ಧತಿಯಲ್ಲಿ ನಡೆಸುವವರು ಹೆಚ್ಚಾಗಿ 10 ಅಂಶಗಳ ಗ್ರೇಡ್ ಬಳಸುತ್ತಾರೆ. ‘ಎ’ಗೆ 8, ‘ಬಿ ಪ್ಲಸ್’ಗೆ 7, ‘ಬಿ’ಗೆ 6, ‘ಸಿ’ಗೆ 5, ‘ಪಿ’ಗೆ 4, ಫೇಲಿಗೆ ಸೊನ್ನೆ. 4 ಕ್ರೆಡಿಟ್ಟಿನ ಐದು ಪತ್ರಿಕೆ ಇರುವ ಸೆಮಿಸ್ಟರಿನಲ್ಲಿ ಒಬ್ಬರಿಗೆ ಎ, ಬಿ ಪ್ಲಸ್, ಬಿ, ಸಿ ಬಂದು ಒಂದು ಫೇಲಾಯಿತು ಅನ್ನಿ. 32, 28, 24, 20, ಸೊನ್ನೆ, ಒಟ್ಟು 104. ಅದನ್ನು 20 ಕ್ರೆಡಿಟ್ಟಿನಿಂದ ಭಾಗಿಸಿದರೆ 5.2. ಉಳಿದದ್ದನ್ನು ಮರುಪರೀಕ್ಷೆಯಲ್ಲಿ ‘ಬಿ’ ಪಡೆದು ಮುಗಿಸಿದರೆ 128 ಆಗಿ 6.4ಕ್ಕೆ ಏರುತ್ತದೆ. ಒಂದೇ ಸೊನ್ನೆ ಎಷ್ಟು ಕೆಳಗೆ ಎಳೆಯುತ್ತದೆ ನೋಡಿ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಪುಸ್ತಕದಲ್ಲಿ ‘ಕ್ಯಾರಿ ಓವರ್’ ಎಂಬ ಕಲಮನ್ನು ಹುಡುಕಿ ಓದಿ. ಕೆಲವರು ಎಷ್ಟು ಬಾಕಿ ಇದ್ದರೂ ಮುಂದಿನ ಸೆಮಿಸ್ಟರಿಗೆ ಬಿಡುತ್ತಾರೆ, ಕೆಲವರು ಇಷ್ಟು ಕ್ರೆಡಿಟ್ ಆಗಿರಲೇಬೇಕು ಎನ್ನುತ್ತಾರೆ. ಶುಲ್ಕ ಕಟ್ಟುವ ಮೊದಲೇ ಇದನ್ನು ಓದಿರಬೇಕು.

ವಿದೇಶಿ ಆನ್‌ಲೈನ್ ಪದವಿಗೆ ಸೇರುವ ನಮ್ಮ ಸಾಫ್ಟ್‌ವೇರ್ ಉದ್ಯೋಗಿಗಳಿಗೂ ಒಂದು ಮಾತು. ಅಮೆರಿಕದ ಜಾರ್ಜಿಯಾ ಟೆಕ್ 2014ರಲ್ಲಿ ಆರಂಭಿಸಿದ ಕಂಪ್ಯೂಟರ್ ಸೈನ್ಸ್ ಆನ್‌ಲೈನ್ ಮಾಸ್ಟರ್ಸ್‌ನಲ್ಲಿ 10 ಕೋರ್ಸ್, 30 ಕ್ರೆಡಿಟ್. ಮುಗಿಸಲು 6 ವರ್ಷ. ಮೊದಲ 12 ತಿಂಗಳಲ್ಲಿ ಎರಡು ಬುನಾದಿ ಕೋರ್ಸುಗಳಲ್ಲಿ ‘ಬಿ’ ಅಥವಾ ಮೇಲಿನ ಗ್ರೇಡ್ ಬರಲೇಬೇಕು. ವಿಶೇಷ ವಿಷಯದ ಕೋರ್ಸುಗಳಿಗೂ ‘ಬಿ’ ಬೇಕು, ಐಚ್ಛಿಕಕ್ಕೆ ‘ಸಿ’ ನಡೆಯುತ್ತದೆ. ಪದವಿಗೆ 4ಕ್ಕೆ 3.0 ಸರಾಸರಿ ಬೇಕು. ಅಲ್ಲಿ ಒಂದು ‘ಸಿ’ ಬಂದರೆ ಅದನ್ನು ಸರಿದೂಗಿಸಲು ಒಂದು ‘ಎ’ ಬೇಕಾಗುತ್ತದೆ. ಕೋರ್ಸನ್ನು ಮತ್ತೆ ಮಾಡಿದರೂ ಹಳೆಯ ಗ್ರೇಡ್ ಅಳಿಸಿಹೋಗುವುದಿಲ್ಲ, ಎರಡೂ ಸರಾಸರಿಗೆ ಸೇರುತ್ತವೆ. ಇಗ್ನೋದ ಅಭ್ಯಾಸದಲ್ಲಿ, ನೋಡೋಣ, ಆಗದಿದ್ದರೆ ಮತ್ತೆ ಬರೆಯೋಣ ಎಂದುಕೊಂಡು ಹೋದವರಿಗೆ ಅಲ್ಲಿ ಪೆಟ್ಟು ಬೀಳುತ್ತದೆ. ಆಗುವುದಿಲ್ಲ ಎನಿಸಿದ ಕೋರ್ಸಿನಿಂದ ಗಡುವಿನೊಳಗೆ ಹಿಂದೆ ಸರಿದರೆ ‘ಡಬ್ಲ್ಯೂ’ ಎಂದು ಮಾತ್ರ ದಾಖಲಾಗುತ್ತದೆ, ಸರಾಸರಿಗೆ ಧಕ್ಕೆ ಇಲ್ಲ.

ಓದಿನ ಹೊತ್ತನ್ನೂ ಮೊದಲೇ ಎಣಿಸಿಕೊಳ್ಳಿ. ಇಗ್ನೋ ಲೆಕ್ಕದಲ್ಲಿ 1 ಕ್ರೆಡಿಟ್ ಅಂದರೆ 30 ಗಂಟೆಯ ಓದು. ವರ್ಷಕ್ಕೆ 32 ಕ್ರೆಡಿಟ್ ಇರುವ ಎಂ.ಎ.ಗೆ 960 ಗಂಟೆ. ಒಂದು ದಿನವೂ ಬಿಡದೆ ಓದಿದರೆ ದಿನಕ್ಕೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು. ಅಷ್ಟು ಹೊತ್ತು ಸಿಗದವರು ಎಲ್ಲ ಪತ್ರಿಕೆಗಳನ್ನೂ ಜೂನ್‌ನಲ್ಲೇ ಬರೆಯಬೇಕೆಂದೇನಿಲ್ಲ. ಎರಡನ್ನು ಜೂನ್‌ಗೆ, ಎರಡನ್ನು ಡಿಸೆಂಬರಿಗೆ ಎಂದು ಮೊದಲೇ ಹಂಚಿಕೊಂಡರೆ ಬಾಕಿ ಎಂಬ ಭಾರವೇ ಇರುವುದಿಲ್ಲ.

ಕೊನೆಯದಾಗಿ, ಕೊಟ್ಟ ಅಸೈನ್‌ಮೆಂಟಿನ ಅಂಕ ಗ್ರೇಡ್ ಕಾರ್ಡಿಗೆ ಏರದೇ ಇದ್ದರೆ ಏನು ಮಾಡಬೇಕು? ಮೊದಲು ಕೇಳುವುದು ಪುರಾವೆ. ಕೈಯಲ್ಲಿ ಕೊಟ್ಟಿದ್ದರೆ ಮುದ್ರೆ ಹಾಕಿದ ರಸೀದಿ, ಆನ್‌ಲೈನ್‌ನಲ್ಲಿ ಹಾಕಿದ್ದರೆ ಸ್ವೀಕೃತಿಯ ಇಮೇಲ್ ಅಥವಾ ಪರದೆಯ ಚಿತ್ರ, ಜೊತೆಗೆ ಬರೆದ ಅಸೈನ್‌ಮೆಂಟಿನ ಪ್ರತಿ, ಇಷ್ಟನ್ನೂ ಪದವಿ ಕೈಗೆ ಬರುವವರೆಗೆ ಇಟ್ಟುಕೊಂಡಿರಿ. ಎನ್‌ರೋಲ್‌ಮೆಂಟ್ ಸಂಖ್ಯೆ, ಕೋರ್ಸ್ ಕೋಡ್, ಕೊಟ್ಟ ದಿನಾಂಕ, ಯಾವ ಅವಧಿಯ ಪರೀಕ್ಷೆಗೆ ಎಂಬ ಈ ನಾಲ್ಕನ್ನೂ ಬರೆದು, ರಸೀದಿ ಲಗತ್ತಿಸಿ, ಮೊದಲು ಅಧ್ಯಯನ ಕೇಂದ್ರಕ್ಕೆ, ಅಲ್ಲಿ ಆಗದಿದ್ದರೆ ಪ್ರಾದೇಶಿಕ ಕೇಂದ್ರಕ್ಕೆ ಕಳಿಸಿ. ಒಂದು ಪತ್ರದಲ್ಲಿ ಒಂದೇ ತೊಂದರೆಯನ್ನು ಬರೆಯಿರಿ. ಪರೀಕ್ಷೆಯ ಅಂಕದ ತಕರಾರು ಬೇರೆ ವಿಭಾಗಕ್ಕೆ ಹೋಗುವಂಥದ್ದು, ಅದನ್ನು ಇದರ ಜೊತೆ ಸೇರಿಸಿದರೆ ಎರಡೂ ತಡವಾಗುತ್ತವೆ.

ನಮಸ್ಕಾರ.